ಆನಂದಪುರದಲ್ಲಿ ರೈಲು ಹತ್ತಿದ ಚೀಲ

ಬೆಳಿಗ್ಗೆ ಏಳೂವರೆಗೆ ನಾನೂ ಹಾಲಮ್ಮಕ್ಕನೂ ಶಿಕಾರಿಪುರದ ಬಸ್ ಸ್ಟ್ಯಾಂಡಲ್ಲಿ ನಿಂತಿದ್ವಿ. ಎರಡು ಪ್ರೈವೇಟ್ ಬಸ್ಸು ‘ಆನಂದಪುರ, ಆನಂದಪುರ’ ಅಂತ ಕೂಗ್ಕೊಂಡು ಹೋದ್ವು. ಅಕ್ಕ ಎರಡಕ್ಕೂ ಹತ್ತಲಿಲ್ಲ. ಅವಳಿಗೆ ಕೆಂಪು ಬಸ್ಸೇ ಬರಬೇಕು. ಸರ್ಕಾರಿ ಬಸ್ಸಲ್ಲಿ ಹೆಂಗಸರು ಆಧಾರ್ ಕಾರ್ಡ್ ತೋರಿಸಿದ್ರೆ ಸಾಕಲ್ಲ, ಅದಕ್ಕೆ.

“ಟಿಕೆಟ್ ನಾನು ತಗಳ್ತೀನಿ, ಹತ್ತಕ್ಕಾ” ಅಂದೆ.

“ಸುಮ್ನಿರಾ. ಸರ್ಕಾರ ಕರೆದು ಕೂರಿಸ್ಕಳ್ವಾಗ ನಾನ್ಯಾಕೆ ಬೇಡ ಅನ್ಲಿ?” ಅಂದ್ಲು.

ಮುಕ್ಕಾಲು ಗಂಟೆ ಆದ್ಮೇಲೆ ಕೆಂಪು ಬಸ್ಸು ಬಂತು. ಅದು ನಿಲ್ಲೋದರೊಳಗೆ ಅಕ್ಕ ಹೆಗಲ ಮೇಲಿದ್ದ ಟವೆಲ್ಲನ್ನ ಕಿಟಕಿಯಿಂದ ಸೀಟಿನ ಮೇಲೆ ಎಸೆದ್ಲು. ಆಮೇಲೆ ನಿಧಾನಕ್ಕೆ ನಲ್ಲಿ ಹತ್ರ ಹೋಗಿ ಬಾಟ್ಲಿಗೆ ನೀರು ತುಂಬಿದ್ಲು, ಎಲೆ ಅಡಿಕೆ ತಗೊಂಡ್ಲು, ಗುರುತಿನ ಹೆಂಗಸೊಬ್ಬರ ಹತ್ರ ಮಗಳ ಬಾಣಂತನ ವಿಚಾರಿಸಿದ್ಲು. ಕಂಡಕ್ಟ್ರು ಬಾಗಿಲಲ್ಲಿ ನಿಂತು, “ಯಾರದ್ರೀ ಈ ಟವೆಲ್ಲು? ಬರ್ತಾರೋ ಇಲ್ಲೋ?” ಅಂತ ಕೂಗಿದ್ರು. ಅಕ್ಕ ಕೈ ಎತ್ತಿದ್ಲು. ಬಸ್ಸು ನಿಂತೇ ಇತ್ತು. ನಮ್ಮ ಕಡೆ ಹಂಗೇ. ಟವೆಲ್ಲು ಕೂತಿದ್ರೆ ಆಳು ಕೂತಂಗೆ.

ಈ ಪ್ರಯಾಣ ಯಾಕೆ ಅಂತ ಮೊದಲು ಹೇಳಿಬಿಡ್ತೀನಿ. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೊಸ ರೈಲು ದಾರಿ ಆಗ್ತಿರೋದು ನಿಮಗೆಲ್ಲ ಗೊತ್ತು. ಉಡುತಡಿ ಕಡೆ ನಮ್ಮಕ್ಕನ ಹೊಲದ ನಡುವೆನೇ ಅದು ಹೋಗುತ್ತೆ. ಹಳಿಗೆ ಬೇಕಾದ ಪಟ್ಟಿ ಬಿಟ್ಟುಕೊಟ್ಟಾಗಿದೆ, ಅದರ ಬಗ್ಗೆ ಅಕ್ಕನಿಗೆ ತಕರಾರಿಲ್ಲ. ಉಳಿದ ಹೊಲ ಎರಡು ತುಂಡಾಯ್ತು. ಮನೆ, ಕೊಟ್ಟಿಗೆ, ಒಂದು ಎಕರೆ ಈ ಕಡೆ. ಗೋವಿನಜೋಳ ಬೆಳೆಯೋ ಇನ್ನೊಂದು ಎಕರೆ ಮತ್ತೆ ಬಾವಿ ಆ ಕಡೆ. ಪಕ್ಕದ ಹೊಲದ ಫಕೀರಪ್ಪ ಒಂದು ಮಾತು ಮುಂದಿಟ್ಟಿದ್ದ. “ಆ ಕಡೆ ತುಂಡು ನನಗೆ ಕೊಡು, ಈ ಕಡೆ ನನ್ನದೊಂದು ತುಂಡು ನೀನು ತಗೋ. ಇಬ್ಬರಿಗೂ ಹಳಿ ದಾಟೋ ಕಷ್ಟ ತಪ್ಪುತ್ತೆ.” ಮಾತು ಸರಿಯಾಗೇ ಇತ್ತು. ಆದ್ರೆ ಫಕೀರಪ್ಪನ ತುಂಡಲ್ಲಿ ನೀರಿಲ್ಲ. ಬಾವಿ ಅಕ್ಕನೂ ನಮ್ಮ ಭಾವನೂ ಮೂರು ಬೇಸಿಗೆ ಕೂತು ತೆಗೆಸಿದ್ದು. ಸೋಮವಾರ ಉತ್ತರ ಹೇಳ್ತೀನಿ ಅಂದಿದ್ಲು. ನಾವು ಹೊರಟಿದ್ದು ಶನಿವಾರ.

“ಹಳಿ ಪಕ್ಕ ಬಾಳ್ವೆ ಮಾಡ್ತಿರೋರನ್ನ ಒಂದ್ಸಲ ಕೇಳ್ಬೇಕು ಕಣೋ ನಾಗ. ಅವರು ಹೆಂಗೆ ದಾಟ್ತಾರೆ, ನೀರು ಹೆಂಗೆ ತರ್ತಾರೆ, ಎಮ್ಮೆ ಹೆದರ್ತಾವಾ, ಎಲ್ಲಾ” ಅಂದಿದ್ಲು. ನಮ್ಮ ತಾಲೂಕಲ್ಲಿ ಇನ್ನೂ ರೈಲಿಲ್ಲ, ಕೇಳೋಕೆ ಜನ ಇಲ್ಲ. ತಾಳಗುಪ್ಪದ ಹಳೇ ದಾರಿಯ ಮೇಲೆ ನಮಗೆ ಹತ್ತಿರದ್ದು ಆನಂದಪುರ ಸ್ಟೇಷನ್. ಅಲ್ಲಿ ಕೇಳೋದು, ಹಂಗೇ ಸಾಗರದವರೆಗೆ ರೈಲಲ್ಲಿ ಹೋಗಿ, ಸೊರಬದ ಮೇಲೆ ಬಸ್ಸಲ್ಲಿ ಸುತ್ತಿ ಮನೆಗೆ ಬರೋದು ಅಂತ ಪ್ಲಾನ್ ಹಾಕಿದ್ವಿ.

ನಾನು ಪೇಟೇಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರೋನು. ನಲವತ್ತೆರಡನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದೆ. ಆವತ್ತಿಂದ ನೆಂಟರಿಷ್ಟರ ಅರ್ಜಿ ಎಲ್ಲಾ ನನ್ನ ಕೈಲೇ. ಅಕ್ಕನ ಹೊಲಕ್ಕೂ ಒಂದು ನಕ್ಷೆ ನಾನೇ ಬರೆದಿದ್ದೆ. ಸ್ಕೇಲ್ ಇಟ್ಟು ಗೆರೆ ಎಳೆದು, ಹಳಿಗೆ ಕೆಂಪು, ಹೊಲಕ್ಕೆ ಹಸಿರು ಸ್ಕೆಚ್ ಪೆನ್ನು, ಮೂಲೇಲಿ ದಿಕ್ಕು ತೋರಿಸೋ ಬಾಣ. ಯಾರನ್ನ ಕೇಳಿದ್ರೂ ತೋರಿಸೋಕೆ ಬೇಕಾಗುತ್ತೆ ಅಂತ ಅದನ್ನ ಅಕ್ಕನ ಬಟ್ಟೆ ಚೀಲದಲ್ಲಿ ಇಟ್ಟಿದ್ವಿ. ಜೊತೆಗೆ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ನನ್ನ ಕನ್ನಡಕ.

ಆನಂದಪುರ ಮೂವತ್ತು ಕಿಲೋಮೀಟರ್ ಹತ್ತಿರ. ನನಗೆ ನಲವತ್ತೈದು ರೂಪಾಯಿ, ಅಕ್ಕನಿಗೆ ಸೊನ್ನೆ ಅಂತ ಬರೆದಿದ್ದ ಟಿಕೆಟ್. ಜೋಳ ಮುರಿದು ಖಾಲಿಯಾಗಿದ್ದ ಹೊಲಗಳ ಮೇಲೆ ಮಂಜು ಇನ್ನೂ ಕೂತಿತ್ತು. ಬಸ್ಸಿಳಿದು ಚಹಾ ಕುಡಿದು ಸ್ಟೇಷನ್ನಿಗೆ ನಡೆದೇ ಹೋದ್ವಿ.

ಸ್ಟೇಷನ್ ಸಣ್ಣದು, ಚೊಕ್ಕಟವಾಗಿತ್ತು. ಹಳದಿ ಬೋರ್ಡಲ್ಲಿ ಮೂರು ಭಾಷೆಯಲ್ಲಿ ಊರ ಹೆಸರು. ಎರಡನ್ನ ನಾನು ಓದಿದೆ, ಮೂರನೇದನ್ನ ಊಹೆ ಮಾಡಿದೆ. ಆಫೀಸಿಗೆ, ಅಂಗಡಿಗೆ, ಕಾಲೇಜಿಗೆ ಸಾಗರಕ್ಕೆ ಹೋಗೋರು ಟಿಫನ್ ಬಾಕ್ಸ್ ಹಿಡ್ಕೊಂಡು ಒಬ್ಬೊಬ್ಬರೇ ಬರ್ತಿದ್ರು. ಟಿಕೆಟ್ ಕಿಟಕಿ ಹತ್ರ ಅಕ್ಕ ನನ್ನ ಸರಿಸಿ ತಾನೇ ಮುಂದೆ ಹೋಗಿ ಆಧಾರ್ ಕಾರ್ಡ್ ಒಳಗೆ ತೂರಿಸಿದ್ಲು. ಒಳಗಿದ್ದೋರು ಅದನ್ನ ತಿರುಗಿಸಿ ಮುರುಗಿಸಿ ನೋಡಿ, “ಇದ್ಯಾಕಮ್ಮಾ?” ಅಂದ್ರು.

“ಹೆಂಗಸಲ್ವೇನ್ರೀ ನಾನು?”

“ಹೌದಮ್ಮಾ. ಆದ್ರೆ ಇದು ರೈಲು.”

ಹಿಂದೆ ನಿಂತೋರೆಲ್ಲ ನಕ್ಕರು. ಅಕ್ಕನೂ ನಕ್ಕಳು. ಇಪ್ಪತ್ತು ರೂಪಾಯಿ ಕೊಟ್ಟು ಇಬ್ಬರಿಗೂ ಟಿಕೆಟ್ ತಗೊಂಡೆ. ರೈಲು ಬರೋಕೆ ಇನ್ನೂ ಒಂದು ಗಂಟೆ ಇತ್ತು.

ನಾವು ಹುಡುಕ್ತಿದ್ದ ಮನುಷ್ಯ ತಾನಾಗೇ ಸಿಕ್ಕಿದ್ರು. ಬೇವಿನ ಮರದ ಕೆಳಗಿನ ಬೆಂಚಲ್ಲಿ ಬಿಳೀ ಗಡ್ಡದ ಯಜಮಾನರೊಬ್ಬರು ಬಿಸಿಲು ಕಾಯಿಸ್ತಾ ಕೂತಿದ್ರು. ಹೆಸರು ಇಮಾಮ್ ಸಾಬ್. ಇದೇ ದಾರಿಯಲ್ಲಿ ಗ್ಯಾಂಗ್‌ಮನ್ ಆಗಿದ್ದೋರು. ಹಳಿ ಮೇಲೆ ದಿನಾ ನಡೆದು ಬೋಲ್ಟು ನೋಡೋ ಕೆಲಸ. ರಿಟೈರ್ ಆಗಿ ಎಷ್ಟೋ ವರ್ಷ ಆದ್ರೂ ಬೆಳಗಿನ ಗಾಡಿ ಹೋಗೋದನ್ನ ನೋಡದೆ ತಿಂಡಿ ತಿನ್ನಲ್ಲ ಅಂದ್ರು.

“ಮೊದಲು ಇಲ್ಲಿ ಸಣ್ಣ ಹಳಿ ಇತ್ತು. ಕಲ್ಲಿದ್ದಲು ಇಂಜಿನ್. ಅದು ಏರು ಹತ್ತೋಕೆ ಏದುಸಿರು ಬಿಡ್ತಿತ್ತು. ನಾವು ಪಕ್ಕದಲ್ಲಿ ನಡ್ಕೊಂಡು ಅದರ ಜೊತೆ ಮಾತಾಡ್ಬಹುದಿತ್ತು. ಆಮೇಲೆ ರೈಲ್ ಬಸ್ ಬಂತು. ಒಂದೇ ಒಂದು ಡಬ್ಬಿ, ನಿಮ್ಮ ಬಸ್ಸಿನ ಥರಾನೇ. ಹಾಲಿನ ಕ್ಯಾನು, ಕೋಳಿ, ಮದುವೆ ಹೆಣ್ಣು, ಎಲ್ಲಾ ಅದರಲ್ಲೇ. ಓಡಿ ಬರೋರು ಕಂಡ್ರೆ ಡ್ರೈವರ್ ಒಂದು ಗಳಿಗೆ ನಿಲ್ಲಿಸೋನು. ಆಮೇಲೆ ಹಳಿ ಅಗಲ ಮಾಡ್ಬೇಕು ಅಂತ ಎಲ್ಲಾ ಬಂದ್ ಆಯ್ತು. ಆಗ ಊರು ಮೂಕ ಆದಂಗೆ ಆಗಿತ್ತು ನೋಡ್ರಿ. ನನಗೆ ನಿದ್ದೆನೇ ಬರ್ತಿರ್ಲಿಲ್ಲ.”

“ಸಾಬ್ರೇ, ನಿಮ್ಮ ಕಥೆ ಆಮೇಲೆ ಕೇಳ್ತೀನಿ. ಮೊದಲು ಹೊಲ ತುಂಡಾದೋರು ಏನು ಮಾಡಿದ್ರು, ಅದು ಹೇಳ್ರಿ” ಅಂದ್ಲು ಅಕ್ಕ.

ಇಮಾಮ್ ಸಾಬ್ ಒಂದು ಸಲ ಅವಳ ಮುಖ ನೋಡಿ, ಕೋಲು ಊರಿಕೊಂಡು ಎದ್ರು. ಸ್ಟೇಷನ್ನಿಂದ ಸ್ವಲ್ಪ ದೂರ, ಹಳಿಯ ಏರಿ ಪಕ್ಕದ ಕಾಲುದಾರಿಯಲ್ಲಿ ಕರ್ಕೊಂಡು ಹೋದ್ರು. ಅಲ್ಲಿ ಏರಿ ಕೆಳಗೆ ಒಂದು ದೊಡ್ಡ ಮೋರಿ ಇತ್ತು. ಮಳೆಗಾಲದ ನೀರು ಹೋಗೋಕೆ ಕಟ್ಟಿದ್ದು. ಈಗ ಒಣಗಿತ್ತು. ನೆಲದ ತುಂಬಾ ಸಗಣಿ, ಗೊರಸಿನ ಗುರುತು. ಒಂದು ಪಕ್ಕದಲ್ಲಿ ಕಪ್ಪು ಪೈಪು ಈ ಕಡೆಯಿಂದ ಆ ಕಡೆ ಹೋಗಿತ್ತು.

“ಇದರಲ್ಲೇ ದನ ಹೋಗ್ತಾವೆ, ಇದರಲ್ಲೇ ನೀರು ಹೋಗುತ್ತೆ. ಅಜ್ಜನ ಕಾಲದಲ್ಲಿ ತುಂಡಾದ ಹೊಲ, ಮೊಮ್ಮಗ ಇವತ್ತಿಗೂ ಎರಡೂ ಕಡೆ ಮಾಡ್ತಾನೆ. ಅಕಾ ಅಲ್ಲಿ ಕಾಣ್ತಾನಲ್ಲ, ಅವನೇ” ಅಂತ ದೂರದಲ್ಲಿ ಸೊಪ್ಪು ಕಟ್ಟುತ್ತಿದ್ದ ಒಬ್ಬರನ್ನ ತೋರಿಸಿದ್ರು.

ಅಕ್ಕ ಮೋರಿ ಒಳಗೆ ಬಗ್ಗಿ ಹೋದ್ಲು. ಆ ಕಡೆಯಿಂದ ಹೊರಗೆ ಬಂದು ನಿಂತು ನನ್ನ ಕೂಗಿದ್ಲು. “ಲೇ ನಾಗಾ, ಕಾಣ್ತೀನೇನೋ?”

“ಕಾಣ್ತೀಯ ಬಾ, ಕಾಲು ಸಗಣಿ ಆಗುತ್ತೆ” ಅಂದೆ.

ವಾಪಸ್ ಬಂದಾಗ ಅವಳ ಮುಖ ಬೇರೆನೇ ಆಗಿತ್ತು. ಇಮಾಮ್ ಸಾಬ್ ಮಾತ್ರ ಕೋಲು ನೆಲಕ್ಕೆ ಕುಟ್ಟಿ ಹೇಳಿದ್ರು, “ಒಂದು ಮಾತು ನೆನಪಿಡಮ್ಮ. ಮಣ್ಣು ಸುರಿಯೋಕೆ ಮುಂಚೆ ಕೇಳ್ಬೇಕು. ಏರಿ ಎದ್ದ ಮೇಲೆ ಬಗೆದು ಪೈಪು ಹಾಕ್ತೀನಿ ಅಂದ್ರೆ ಯಾರೂ ಬಿಡಲ್ಲ. ಕೇಳುವಾಗ ನಕ್ಷೆ ಕೊಡು. ಮರ, ದಾರಿ, ನೀರು, ಏನೇನು ಐತೋ ಎಲ್ಲಾ ಅದರಲ್ಲಿ ಇರ್ಬೇಕು. ನಕ್ಷೇಲಿ ಇಲ್ಲದ್ದು ಇಂಜಿನಿಯರ್ ಕಣ್ಣಿಗೆ ಬೀಳಲ್ಲ.”

“ಐತ್ರಿ, ಐತ್ರಿ. ನಮ್ಮ ತಮ್ಮ ಬರ್ದಾನೆ. ಬಣ್ಣ ಹಾಕಿ ಬರ್ದಾನೆ. ಸೋಮವಾರನೇ ಹೋಗಿ ಇಂಜಿನಿಯರಿಗೆ ಕೊಡ್ತೀವಿ” ಅಂದ್ಲು ಅಕ್ಕ. ನನಗೆ ಎದೆ ಉಬ್ಬಿತು. ಸುಳ್ಳು ಯಾಕೆ ಹೇಳ್ಲಿ.

ಸ್ಟೇಷನ್ನಿಗೆ ವಾಪಸ್ ಬರುವಾಗ ಗಂಟೆ ಹೊಡೀತು. ರೈಲು ಬಂತು. ಅಕ್ಕ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಒಂದು ಹೆಜ್ಜೆ ಹಿಂದೆ ಸರಿದ್ಲು, ಸೆರಗು ಬಿಗಿ ಮಾಡ್ಕೊಂಡ್ಲು. ಗಾಡಿ ನಿಂತ ಕೂಡ್ಲೇ ಅವಳ ಹಳೇ ಅಭ್ಯಾಸ ಎದ್ದು ಬಂತು. ಎದುರಿನ ಕಿಟಕಿ ಒಳಗೆ ಒಂದು ಖಾಲಿ ಸೀಟು ಕಾಣ್ತು. ಕಿಟಕಿಗೆ ಅಡ್ಡ ಕಂಬಿ ಇತ್ತು. ಟವೆಲ್ಲು ಸುತ್ತಿದ ಚೀಲ ತೆಳ್ಳಗಿತ್ತು, ಕಂಬಿ ಸಂದಿಯಿಂದ ಸಲೀಸಾಗಿ ಒಳಗೆ ಬಿತ್ತು. “ಸೀಟು ನಂದು ಕಣಮ್ಮಾ, ನೋಡ್ಕೋ” ಅಂತ ಒಳಗಿದ್ದ ಹೆಂಗಸಿಗೆ ಹೇಳಿ, ಇಮಾಮ್ ಸಾಬರ ಕಡೆ ತಿರುಗಿ ನಿಂತ್ಲು.

“ಅಲ್ಲ ಸಾಬ್ರೇ, ಒಂದು ಕೇಳೋದೇ ಬಿಟ್ಟೆ. ಇದರ ಸದ್ದಿಗೆ ಎಮ್ಮೆ ಹಾಲು ಬಿಡಲ್ಲ ಅಂತಾರೆ, ನಿಜಾನಾ?”

“ಒಂದು ತಿಂಗಳು ಅಷ್ಟೇ. ಆಮೇಲೆ ರೈಲು ಲೇಟಾದ್ರೆ ಅವೇ ಕತ್ತೆತ್ತಿ ನೋಡ್ತಾವೆ.”

ಇದಕ್ಕೆ ಮೂರೂ ಜನ ನಗ್ತಾ ನಿಂತಿದ್ವಿ. ನಾನೂ ನಿಂತಿದ್ದೆ, ತಪ್ಪು ಅಕ್ಕನದೊಂದೇ ಅಲ್ಲ. ಟವೆಲ್ಲು ಒಳಗೈತೆ, ಗಾಡಿ ಎಲ್ಲಿಗೆ ಹೋಗುತ್ತೆ ಅನ್ನೋ ಧೈರ್ಯ ನನಗೂ ಇತ್ತು. ಯಾರೂ ‘ಯಾರದ್ರೀ ಈ ಟವೆಲ್ಲು’ ಅನ್ನಲಿಲ್ಲ. ಒಂದು ಸಲ ಹಾರ್ನ್ ಹೊಡೀತು, ಗಾಡಿ ಹೊರಟೇಬಿಡ್ತು.

ಅಕ್ಕ ಕೈ ಎತ್ತಿ, “ಹೋಲ್ಡಾನ್! ಹೋಲ್ಡಾನ್!” ಅಂತ ಕೂಗಿದ್ಲು. ನಾನು ಓಡೋಕೆ ಹೋದೆ. ಇಮಾಮ್ ಸಾಬ್ ನನ್ನ ರೆಟ್ಟೆ ಹಿಡಿದು ನಿಲ್ಲಿಸಿದ್ರು. “ಓಡಬೇಡ. ಈ ಹಳಿ ಮೇಲೆ ಓಡಿದೋರನ್ನ ನಾನು ಬೇಕಾದಷ್ಟು ನೋಡಿದೀನಿ” ಅಂದ್ರು. ಆ ಹಿಡಿತ ಎಷ್ಟು ಗಟ್ಟಿ ಇತ್ತು ಅಂದ್ರೆ ನಾನು ಅಲ್ಲೇ ನಿಂತೆ.

ಅಕ್ಕ ಬೆಂಚಿನ ಮೇಲೆ ಕುಸಿದು ಕೂತ್ಲು. “ನಕ್ಷೆ ಹೋಯ್ತಲ್ಲೋ. ಸೋಮವಾರ ಏನು ತೋರಿಸ್ಲಿ? ರೈಲು ಬರೋಕೆ ಮುಂಚೆನೇ ನನ್ನ ಹೊಲ ಹೊತ್ಕೊಂಡು ಹೋಯ್ತು ನೋಡು” ಅಂದ್ಲು. ಇನ್ನೊಂದು ಬರೀಬಹುದು ಅಂತ ನಾನು ಹೇಳಿದ್ರೂ ಅವಳ ಕಿವಿಗೆ ಹೋಗಲಿಲ್ಲ.

ಇಮಾಮ್ ಸಾಬರಿಗೆ ಮಾತ್ರ ಗಾಬರಿನೇ ಇಲ್ಲ. “ರೈಲ್ ಬಸ್ ಇದ್ದಿದ್ರೆ ನಿಮ್ಮ ಚೀಲಕ್ಕೋಸ್ಕರ ಹಿಂದಕ್ಕೆ ಬರ್ತಿತ್ತೇನೋ. ಇರ್ಲಿ. ಆ ಕಿಟಕೀಲಿ ಕೂತಿದ್ದು ಕುಂಸೀಲಿ ಹತ್ತೋ ಟೈಲರ್ ಲಲಿತಮ್ಮ. ದಿನಾ ಅದೇ ಡಬ್ಬಿ, ಅದೇ ಕಿಟಕಿ. ಸಾಗರದಲ್ಲಿ ಅಂಗಡಿ. ನಮ್ಮ ಸೊಸೆ ಬ್ಲೌಸ್ ಹೊಲಿಸೋದೆಲ್ಲ ಅಲ್ಲೇ” ಅಂತ ಮನೆಗೆ ಫೋನ್ ಮಾಡಿದ್ರು. ಸೊಸೆ ಲಲಿತಮ್ಮನಿಗೆ ಮಾಡಿದ್ರು. ಐದೇ ನಿಮಿಷದಲ್ಲಿ ಉತ್ತರ ಬಂತು: ಚೀಲ ಇದೆ, ಸೀಟಿನ ಮೇಲೇ ಇದೆ, ನಾನು ಸಾಗರ ಸ್ಟೇಷನ್ನಲ್ಲೇ ಕೂತಿರ್ತೀನಿ, ನಿಧಾನಕ್ಕೆ ಬರ್ಲಿ. ದಿನಾ ಓಡಾಡೋರ ಸ್ಟೇಷನ್ ಅಂದ್ರೆ ಏನು ಅಂತ ನನಗೆ ಆಗ ಗೊತ್ತಾಯ್ತು. ಅಲ್ಲಿ ಯಾವ ಕಿಟಕೀಲಿ ಯಾರು ಅಂತ ಬೆಂಚಿನ ಮೇಲೆ ಕೂತೋರಿಗೂ ಬಾಯಿಪಾಠ.

ಮುಂದಿನ ರೈಲು ಯಾವಾಗೋ. ರಸ್ತೆಗೆ ಬಂದು ಸಿಕ್ಕಿದ ಬಸ್ಸು ಹತ್ತಿದ್ವಿ. ಅದು ಪ್ರೈವೇಟ್. ಅಕ್ಕನೇ ಮೊದಲು ಹತ್ತಿದ್ಲು.

ಸಾಗರ ಜಂಬಗಾರು ಸ್ಟೇಷನ್ ತಲುಪೋ ಹೊತ್ತಿಗೆ ಹನ್ನೊಂದೂವರೆ ದಾಟಿತ್ತು. ಪ್ಲಾಟ್‌ಫಾರಂ ಖಾಲಿ. ಕೊನೇ ಬೆಂಚಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ನೀಲಿ ಬ್ಲೌಸ್ ಇಟ್ಕೊಂಡು ಹುಕ್ಕು ಹೊಲೀತಿದ್ರು. ಅವರ ಪಕ್ಕದಲ್ಲಿ ಅಕ್ಕನ ಟವೆಲ್ಲು ಹರಡಿತ್ತು, ಅದರ ಮೇಲೆ ಚೀಲ.

“ಬನ್ನಿ, ಕೂತ್ಕಳಿ. ನಿಮ್ಮ ಸೀಟು. ರೈಲಲ್ಲಿ ಇಬ್ಬರು ಕೂರೋಕೆ ಬಂದ್ರು, ನಾನು ಬಿಡ್ಲಿಲ್ಲ ಮಾರಾಯ್ರೆ. ಆ ಯಮ್ಮ ಹೇಳಿ ಹೋಗಿದಾರೆ, ಈಗ ಬರ್ತಾರೆ ಅಂತ ಜಗಳ ಮಾಡ್ದೆ. ಗಾಡಿ ಹೊರಟ ಮೇಲೂ ಜಗಳ ಮಾಡ್ತಿದ್ದೆ” ಅಂದ್ರು ಲಲಿತಮ್ಮ.

ಅಕ್ಕ ಅವರ ಎರಡೂ ಕೈ ಹಿಡ್ಕೊಂಡ್ಲು. ಆಮೇಲೆ ರೊಟ್ಟಿ ಬಿಚ್ಚಿದ್ಲು. ಮೂವರೂ ಅಲ್ಲೇ ತಿಂದ್ವಿ. ಚಟ್ನಿ ಖಾರಕ್ಕೆ ಲಲಿತಮ್ಮನ ಕಣ್ಣಲ್ಲಿ ನೀರು ಬಂತು, ಆದ್ರೂ ಇನ್ನೊಂದು ಸಲ ಹಾಕಿಸ್ಕೊಂಡ್ರು. ತಿನ್ನುತ್ತಾ ಅಕ್ಕ ಹೊಲದ ಕಥೆ ಎಲ್ಲಾ ಹೇಳಿದ್ಲು. ನಕ್ಷೆ ಬೆಂಚಿನ ಮೇಲೆ ಹರಡಿ ಬೆರಳಿಟ್ಟು ತೋರಿಸಿದ್ಲು.

“ಇದು ಮನೆ. ಇದು ರೈಲು. ಇದು ಫಕೀರಪ್ಪಂದು. ಇಲ್ಲಿ ನಮ್ಮ ಬಾವಿ.”

ಲಲಿತಮ್ಮ ಬಗ್ಗಿ ನೋಡಿದ್ರು. “ಎಲ್ಲಿ?”

“ಇಲ್ಲೇ, ಬೆರಳ ಕೆಳಗೆ.”

“ಬೆರಳು ತೆಗೀರಿ ನೋಡಾಣ.”

ಅಕ್ಕ ಬೆರಳು ತೆಗೆದ್ಲು. ಬೆರಳ ಕೆಳಗೆ ಹಸಿರು ಬಣ್ಣ ಬಿಟ್ಟು ಏನೂ ಇರಲಿಲ್ಲ.

ನಾನು ಕನ್ನಡಕ ಹಾಕ್ಕೊಂಡು ನೋಡಿದೆ. ಇಲ್ಲ. ಮನೆ ಇತ್ತು, ಹಳಿ ಇತ್ತು, ಬಾಣ ಇತ್ತು. ಬಾವಿ ಇರಲಿಲ್ಲ. ಆ ಬಾವಿಯ ಮೋಟರನ್ನ ನಾನೇ ಮೂರು ಸಲ ಮೇಲೆತ್ತಿ ವೈಂಡಿಂಗ್ ಮಾಡಿದೀನಿ. ಎಷ್ಟು ಅಡಿಗೆ ನೀರು, ಎಷ್ಟು ಅಡಿಗೆ ಬಂಡೆ ಅಂತ ಕಣ್ಣು ಮುಚ್ಚಿ ಹೇಳ್ತೀನಿ. ಬಾವಿ ಅಲ್ಲಿರೋದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಗೊತ್ತಿರೋದನ್ನ ಬರೀಬೇಕು ಅಂತ ನನ್ನ ತಲೆಗೇ ಹೊಳೆದಿರಲಿಲ್ಲ.

“ಇಷ್ಟು ಚೆಂದ ಕಟಿಂಗ್ ಮಾಡಿ ಕತ್ತೇ ಬಿಟ್ಟಿದೀರಲ್ರೀ. ಇನ್ನು ತಲೆ ಎಲ್ಲಿಂದ ತೂರಿಸೋದು?” ಅಂದ್ರು ಲಲಿತಮ್ಮ.

ಅಕ್ಕ ನನ್ನ ಮುಖ ನೋಡಿದ್ಲು. ಬೈತಾಳೆ ಅಂದ್ಕೊಂಡೆ. ಅವಳು ನಗೋಕೆ ಶುರು ಮಾಡಿದ್ಲು. “ಮೆಟ್ರಿಕ್ ಪಾಸಾಗಿ ಬಣ್ಣ ತುಂಬಿದೀಯಲ್ಲೋ, ನೀರು ತುಂಬಲಿಲ್ವಲ್ಲೋ!” ಅಂತ ಹೊಟ್ಟೆ ಹಿಡ್ಕೊಂಡು ನಕ್ಕಳು. ನಗ್ತಾ ನಗ್ತಾ ಕಣ್ಣು ಒರೆಸ್ಕೊಂಡ್ಲು. ಇಮಾಮ್ ಸಾಬರ ಮಾತು ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಗಿತ್ತು. ಚೀಲ ಒಂದೇ ರೈಲು ಹತ್ತದೆ ನಾವೂ ಹತ್ತಿದ್ರೆ, ಸೋಮವಾರ ಈ ಬಾವಿ ಇಲ್ಲದ ನಕ್ಷೆಯನ್ನೇ ಹೋಗಿ ಕೊಟ್ಟು ಬರ್ತಿದ್ವಿ.

ಲಲಿತಮ್ಮ ಅಂಗಡಿಗೆ ಹೊರಟ್ರು. ಅಳತೆ ಬ್ಲೌಸ್ ಒಂದು ಕಳಿಸಿ, ಹೊಲಿದು ಕೊಡ್ತೀನಿ ಅಂತ ಅಕ್ಕನಿಗೆ ಹೇಳಿದ್ರು. “ಕಳಿಸ್ತೀನಿ, ಆದ್ರೆ ನಾನು ಬರಲ್ಲ, ಬ್ಲೌಸ್ ಒಂದನ್ನೇ ರೈಲು ಹತ್ತಿಸ್ತೀನಿ” ಅಂದ್ಲು ಅಕ್ಕ.

ಸಾಗರದಿಂದ ಸೊರಬಕ್ಕೆ ಕೆಂಪು ಬಸ್ಸೇ ಸಿಕ್ತು. ಬಸ್ಸಲ್ಲಿ ಬರೀಬೇಕು ಅಂತ ಪೆನ್ನು ತೆಗೆದೆ, ತಿರುವಿಗೆ ಗೆರೆ ಎಲ್ಲೆಲ್ಲೋ ಹೋಯ್ತು. ಸೊರಬದಲ್ಲಿ ಇಳಿದು ಸ್ಟ್ಯಾಂಡ್ ಎದುರಿನ ಪುಸ್ತಕದ ಅಂಗಡೀಲಿ ಒಂದು ಡ್ರಾಯಿಂಗ್ ಶೀಟು, ಪೆನ್ಸಿಲ್ ತಗೊಂಡು ಅವರ ಕೌಂಟರ್ ಮೇಲೇ ಬರೆಯೋಕೆ ಶುರು ಮಾಡಿದೆ. ಅಕ್ಕ ಪಕ್ಕದಲ್ಲಿ ನಿಂತು ಹೇಳ್ತಾ ಹೋದ್ಲು. ಹುಣಸೆ ಮರ. ಎಮ್ಮೆ ದಾರಿ. ಮೋಟರ್ ಶೆಡ್ಡು. ಮಳೆಗಾಲದಲ್ಲಿ ನೀರು ಹರಿಯೋ ಹಳ್ಳ. “ಹಳ್ಳ ಇರೋ ಕಡೆ ಅವರು ಹೆಂಗೂ ಮೋರಿ ಕಟ್ಟಲೇಬೇಕಲ್ವಾ? ಅದನ್ನ ಎಮ್ಮೆ ಎತ್ತರಕ್ಕೆ ಕಟ್ರಿ ಅಂತ ಬರಿ” ಅಂದ್ಲು. ಇದು ನನಗೆ ಹೊಳೆದಿರಲಿಲ್ಲ.

ಅಂಗಡಿಯವರು ಮೂಗು ತೂರಿಸಿ, “ಏನ್ರೀ ಅದು?” ಅಂದ್ರು. ಶಿಕಾರಿಪುರದ ರೈಲು ಅಂದೆ.

“ನಿಮ್ಮ ತಾಲೂಕಿಗೆ ರೈಲೂ ಬರುತ್ತೆ, ಅದಕ್ಕೆ ತಕರಾರೂ ಬರುತ್ತೆ. ನಮ್ಮ ಸೊರಬಕ್ಕೆ ಎರಡೂ ಇಲ್ಲ” ಅಂದ್ರು.

“ತಕರಾರಲ್ಲ ಕಣಪ್ಪಾ, ದಾರಿ ಕೇಳ್ತಿರೋದು” ಅಂದ್ಲು ಅಕ್ಕ.

ಕೊನೇಗೆ ಬಾವಿ ಉಳೀತು. ಪೆನ್ಸಿಲ್ಲು ಅಕ್ಕ ನನ್ನ ಕೈಯಿಂದ ಕಿತ್ಕೊಂಡ್ಲು. ಅವಳಿಗೆ ಸಹಿ ಬಿಟ್ಟು ಬೇರೆ ಬರವಣಿಗೆ ಬರಲ್ಲ. ಬಳೆ ಬಿಚ್ಚಿ ಶೀಟಿನ ಮೇಲಿಟ್ಟು, ಒಳಗಿನ ಅಂಚಿಗೆ ಪೆನ್ಸಿಲ್ ಸುತ್ತಿಸಿದ್ಲು. ಮನೆಗಿಂತ ದೊಡ್ಡ ಬಾವಿ ಆಯ್ತು. ಸ್ಕೇಲ್ ಪ್ರಕಾರ ಅದು ತಪ್ಪು. ಅಳಿಸಲಿಲ್ಲ, ಇರ್ಲಿ, ಯಾರ ಕಣ್ಣಿಗಾದ್ರೂ ಬೀಳುತ್ತೆ ಅಂತ ಬಿಟ್ಟೆ.

ಸೊರಬದಿಂದ ಶಿರಾಳಕೊಪ್ಪ, ಅಲ್ಲಿಂದ ಶಿಕಾರಿಪುರ. ಐದು ಗಂಟೆಗೆ ಇಳಿದು ನನ್ನ ಬೈಕಲ್ಲಿ ಸೀದಾ ಹೊಲಕ್ಕೆ ಹೋದ್ವಿ. ಹಳಿಗೆ ಗುರುತು ಮಾಡಿದ ಕಲ್ಲುಗಳು ಸಾಲಾಗಿ ಬಿಸಿಲಲ್ಲಿ ನಿಂತಿದ್ವು. ಫಕೀರಪ್ಪ ಅವನ ಬದುವಿನ ಮೇಲೆ ಕೂತು ಬೀಡಿ ಸೇದ್ತಿದ್ದ.

“ಏನಕ್ಕಾ, ರೈಲಲ್ಲಿ ಕೂತು ಬಂದ್ಯಾ?”

“ನಾನು ಕೂರ್ಲಿಲ್ಲ. ನನ್ನ ಚೀಲ ಕೂತು ಬಂತು.”

ಅವನಿಗೆ ಅರ್ಥ ಆಗಲಿಲ್ಲ. ಅಕ್ಕ ಬಿಡಿಸಿ ಹೇಳೋಕೂ ಹೋಗಲಿಲ್ಲ. ಒಂದು ಕಲ್ಲು, ಇನ್ನೊಂದು ಕಲ್ಲು ದಾಟಿ ಆ ಕಡೆ ನಡೆದು ಬಾವಿ ಕಟ್ಟೆ ಹತ್ರ ನಿಂತ್ಲು. ಹೆಗಲ ಮೇಲಿದ್ದ ಟವೆಲ್ಲು ತೆಗೆದು ಕೊಡವಿ, ಕಟ್ಟೆ ಮೇಲೆ ಹಾಸಿದ್ಲು.

“ಸೋಮವಾರದ ಮಾತು ಇವತ್ತೇ ಹೇಳ್ತೀನಿ ಕೇಳು ಫಕೀರಪ್ಪ. ಮೋರಿಗೆ, ಪೈಪಿಗೆ ಅರ್ಜಿ ಕೊಡ್ತೀನಿ. ಈ ಸೀಟು ನಾನು ಹಿಡ್ಕಂಡೀನಿ.”

ಫಕೀರಪ್ಪ ಬೀಡಿ ಆರಿಸಿ ಎದ್ದು ಕಟ್ಟೆ ಹತ್ರ ಬಂದ. ಆಮೇಲೆ, “ಹಂಗಾರೆ ಪೈಪು ಹಾಕ್ಸಿದ್ರೆ ನನ್ನ ಹೊಲಕ್ಕೂ ಒಂದು ವಾಲ್ ಬಿಡಕ್ಕಾ” ಅಂದ.

“ಅರ್ಜಿಗೆ ನೀನೂ ಸಹಿ ಹಾಕು, ಬಿಡ್ತೀನಿ” ಅಂದ್ಲು.

ನಾನು ಬೈಕ್ ತಿರುಗಿಸಿ, “ಬಾರಕ್ಕಾ, ಮನೆ ಹತ್ರ ಬಿಡ್ತೀನಿ” ಅಂತ ಕರೆದೆ. ಅವಳು ಟವೆಲ್ಲಿನ ಮೇಲೆ ಕೂತು ಕಾಲು ಚಾಚಿಕೊಂಡ್ಲು.

“ನೀನು ಹೋಗು. ಬೆಳಿಗ್ಗೆ ಟವೆಲ್ಲು ಇಟ್ಟು ತಿರುಗಿ ನಿಂತಿದ್ದಕ್ಕೆ ಏನಾಯ್ತು ನೋಡಿದ್ಯಲ್ಲ. ಸ್ವಲ್ಪ ಹೊತ್ತು ಕೂತೇ ಬರ್ತೀನಿ” ಅಂದ್ಲು.

ರಸ್ತೆಗೆ ಬಂದು ಒಂದು ಸಲ ತಿರುಗಿ ನೋಡಿದೆ. ಕಲ್ಲುಗಳ ಆ ಕಡೆ ಅವಳು ಇನ್ನೂ ಕೂತಿದ್ಲು. ಫಕೀರಪ್ಪ ಕಟ್ಟೆಗೆ ಒರಗಿ ನಿಂತು ನಮ್ಮ ಹೊಸ ನಕ್ಷೆಯನ್ನ ಬೆಳಕಿಗೆ ಹಿಡಿದು ನೋಡ್ತಿದ್ದ. ಬಳೆಯಷ್ಟು ದೊಡ್ಡ ಬಾವಿ ಅವನಿಗೆ ಅಷ್ಟೊತ್ತಿಗೆ ಕಂಡಿರಬೇಕು.